ಎಲುಬು ಬೆಳೆಸುವ ಸೆರಾಮಿಕ್ ಹಂದರ: ಮಂಗಳೂರು, ಉಡುಪಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಎಲುಬು ಇಲ್ಲದ ಜಾಗದಲ್ಲಿ ಎಲುಬು ಬೆಳೆಸಲು ಬಳಸುವ ಸೆರಾಮಿಕ್ ವಸ್ತುಗಳ ಬಗ್ಗೆ ಕೇಳುವವರು ಎರಡು ಬಗೆ. ಹಲ್ಲಿನ ಡಾಕ್ಟರ ಬಳಿಯೋ ಎಲುಬಿನ ಡಾಕ್ಟರ ಬಳಿಯೋ ಹೋಗಿ ಬಂದು, ಅಲ್ಲಿ ಕೇಳಲಾಗದ್ದನ್ನು ನನ್ನಲ್ಲಿ ಕೇಳುವವರು ಮೊದಲನೆಯವರು. ಸುರತ್ಕಲ್, ಮಣಿಪಾಲ, ದೇರಳಕಟ್ಟೆಯ ಕಾಲೇಜುಗಳಲ್ಲಿ ಪ್ರಾಜೆಕ್ಟ್ ಮಾಡುತ್ತಿರುವ ವಿದ್ಯಾರ್ಥಿಗಳು ಎರಡನೆಯವರು. ಇಬ್ಬರ ಪ್ರಶ್ನೆಗಳೂ ಇಲ್ಲಿವೆ. ಸುಲಭದವು ಮೊದಲು, ಕಠಿಣವಾದವು ಕೊನೆಗೆ. ನಾನು ವಸ್ತು ವಿಜ್ಞಾನ ಕಲಿಸುವವನು, ವೈದ್ಯನಲ್ಲ. ನಿಮ್ಮ ಕಾಲಿಗೆ ಏನು ಮಾಡಬೇಕೆಂಬುದನ್ನು ನಿಮ್ಮ ಎಕ್ಸ್‌ರೇ ನೋಡಿದವರೇ ಹೇಳಬೇಕು.

## ರೋಗಿಗಳು, ಮನೆಯವರು ಕೇಳುವವು

ಹಲ್ಲು ಕಿತ್ತ ಜಾಗಕ್ಕೆ ಬಿಳಿ ಪುಡಿ ತುಂಬಿಸಬೇಕು ಎಂದರು. ಅದು ಸಿಮೆಂಟೇ?

ಸಿಮೆಂಟ್ ಅಲ್ಲ. ಕೃತಕ ಮಂಡಿ, ಸೊಂಟದ ಕೀಲು ಕೂರಿಸುವಾಗ ಬಳಸುವ ಅಕ್ರಿಲಿಕ್ ಸಿಮೆಂಟು ಒಂದು ಜಾತಿಯ ಪ್ಲಾಸ್ಟಿಕ್. ಅದು ಗಟ್ಟಿಯಾಗಿ ಅಲ್ಲಿಯೇ ಉಳಿಯುತ್ತದೆ, ಎಲುಬಾಗುವುದಿಲ್ಲ. ನಿಮಗೆ ಹೇಳಿದ ಪುಡಿ ಬಹುಮಟ್ಟಿಗೆ ಕ್ಯಾಲ್ಸಿಯಂ ಫಾಸ್ಫೇಟ್. ನಮ್ಮ ಎಲುಬಿನ ತೂಕದಲ್ಲಿ ಸುಮಾರು ಮೂರನೇ ಎರಡು ಪಾಲು ಇರುವ ಖನಿಜವೂ ಇದೇ ಕುಟುಂಬದ್ದು. ಪುಡಿಯ ಹರಳುಗಳ ನಡುವೆ ರಕ್ತನಾಳ ಮತ್ತು ಹೊಸ ಎಲುಬು ನುಗ್ಗಿ ಬೆಳೆಯಲಿ ಎಂಬುದು ಉದ್ದೇಶ. ಪುಡಿಯಾಗಿ, ಹರಳಾಗಿ, ಅಚ್ಚಿನಂಥ ತುಂಡಾಗಿ, ಹಲವು ರೂಪಗಳಲ್ಲಿ ಇದು ಸಿಗುತ್ತದೆ. ತುಂಡಿನ ರೂಪದ್ದನ್ನು ಹಂದರ ಎನ್ನೋಣ.

ಮುರಿದ ಎಲುಬು ತಾನಾಗಿ ಕೂಡುತ್ತದೆ. ನಮ್ಮ ಅಜ್ಜನಿಗೆ ನಾಟಿ ವೈದ್ಯರು ಬರೀ ಕಟ್ಟು ಹಾಕಿದ್ದರು. ಈಗ ಇದೆಲ್ಲ ಏಕೆ?

ಎಲುಬಿನ ಎರಡು ತುದಿಗಳು ಹತ್ತಿರವಿದ್ದು, ಅಲುಗಾಡದೆ, ರಕ್ತ ಸಂಚಾರ ಚೆನ್ನಾಗಿದ್ದರೆ ಹೆಚ್ಚಿನ ಮುರಿತಗಳು ಕೂಡಿಕೊಳ್ಳುತ್ತವೆ. ಅಜ್ಜನದ್ದು ಅಂಥದ್ದಿರಬೇಕು. ಸೆರಾಮಿಕ್ ಬೇಕಾಗುವುದು ಎಲುಬೇ ಕಾಣೆಯಾದಾಗ: ಹೆದ್ದಾರಿ ಅಪಘಾತದಲ್ಲಿ ತುಂಡು ಹಾರಿಹೋದಾಗ, ಗಡ್ಡೆ ಕೆರೆದು ತೆಗೆದಾಗ, ಹಲ್ಲಿನ ಸುತ್ತಲಿನ ದವಡೆ ಸವೆದಾಗ. ಒಂದು ಮಿತಿಗಿಂತ ದೊಡ್ಡದಾದ ಖಾಲಿ ಜಾಗವನ್ನು ದೇಹ ಎಲುಬಿನಿಂದ ತುಂಬುವುದಿಲ್ಲ, ನಾರಿನಂಥ ಅಂಗಾಂಶದಿಂದ ತುಂಬಿಬಿಡುತ್ತದೆ. ಆ ಜಾಗವನ್ನು ಎಲುಬಿಗಾಗಿ ಕಾಯ್ದಿರಿಸುವುದೇ ಹಂದರದ ಮೊದಲ ಕೆಲಸ.

ಸೊಂಟದ ಎಲುಬಿನಿಂದಲೇ ತೆಗೆದು ಹಾಕುತ್ತಾರಲ್ಲ, ಅದೇ ಒಳ್ಳೆಯದಲ್ಲವೇ?

ಇಂದಿಗೂ ಉಳಿದೆಲ್ಲವನ್ನೂ ಅದರೊಂದಿಗೆ ಹೋಲಿಸಿಯೇ ಅಳೆಯುತ್ತಾರೆ. ಅದರಲ್ಲಿ ಜೀವಂತ ಕೋಶಗಳಿವೆ, ಬೆಳವಣಿಗೆಯನ್ನು ಪ್ರಚೋದಿಸುವ ಪ್ರೋಟೀನುಗಳಿವೆ, ಖನಿಜವೂ ಇದೆ. ಸೆರಾಮಿಕ್ ಕೊಡುವುದು ಕೊನೆಯದನ್ನು ಮಾತ್ರ. ಆದರೆ ಸೊಂಟದಿಂದ ತೆಗೆಯಲು ಇನ್ನೊಂದು ಗಾಯ ಮಾಡಬೇಕು. ಕೆಲವರಿಗೆ ಮೂಲ ಗಾಯ ವಾಸಿಯಾದ ಮೇಲೂ ಅಲ್ಲಿನ ನೋವು ಉಳಿಯುತ್ತದೆ. ಸಿಗುವ ಪ್ರಮಾಣವೂ ಸೀಮಿತ. ಆದ್ದರಿಂದ ಎಷ್ಟೋ ಕಡೆ ಎರಡನ್ನೂ ಬೆರೆಸಿ ಹಾಕುತ್ತಾರೆ. ಒಳ್ಳೆಯ ಪದ್ಧತಿ ಎಂದೇ ನನ್ನ ಅಭಿಪ್ರಾಯ.

ಇದು ದನದ ಎಲುಬಿನಿಂದ ಮಾಡಿದ್ದೇ? ನಾವು ಸಸ್ಯಾಹಾರಿಗಳು, ಯಾರೂ ಸರಿಯಾಗಿ ಹೇಳುವುದಿಲ್ಲ.

ಮುಜುಗರಪಡದೆ ಶಸ್ತ್ರಚಿಕಿತ್ಸೆಗೆ ಮೊದಲೇ ಕೇಳಿ. ಉತ್ತರ ಉತ್ಪನ್ನದಿಂದ ಉತ್ಪನ್ನಕ್ಕೆ ಬೇರೆ. ದಂತ ಚಿಕಿತ್ಸೆಯಲ್ಲಿ ಲೋಕವೆಲ್ಲ ಬಳಸುವ ಬಯೋ-ಆಸ್ ಎಂಬ ಪುಡಿ ದನದ ಎಲುಬಿನಿಂದ ಪ್ರೋಟೀನ್ ತೆಗೆದು ಉಳಿಸಿಕೊಂಡ ಖನಿಜ. ಅದರ ಮೇಲೆ ಹೊದಿಸುವ, ಕೊಲಾಜೆನ್ ಎಂಬ ಪ್ರೋಟೀನಿನ ಪೊರೆ ಹಲವು ಬಾರಿ ಹಂದಿಯದ್ದು. ಹಾಗಾಗಿ ಈ ಪ್ರಶ್ನೆ ಸಸ್ಯಾಹಾರಿಗಳದ್ದು ಮಾತ್ರವಲ್ಲ, ಮುಸ್ಲಿಂ ಮನೆಗಳಿಂದಲೂ ಬರುತ್ತದೆ, ಜೈನರಿಂದಲೂ ಬರುತ್ತದೆ. ಪೂರ್ತಿ ಕೃತಕವಾದ ಹೈಡ್ರಾಕ್ಸಿಅಪಟೈಟ್, ಟ್ರೈಕ್ಯಾಲ್ಸಿಯಂ ಫಾಸ್ಫೇಟ್ (ಎರಡೂ ಕ್ಯಾಲ್ಸಿಯಂ ಫಾಸ್ಫೇಟಿನ ಬಗೆಗಳು) ಮತ್ತು ಎಲುಬಿಗೆ ಬೆಸೆದುಕೊಳ್ಳುವ ಜೈವಿಕ ಗಾಜು ಪ್ರಾಣಿಮೂಲದವಲ್ಲ. ಪುಡಿಯ ಮೂಲ ಯಾವುದು, ಪೊರೆಯ ಮೂಲ ಯಾವುದು ಎಂದು ಎರಡು ಬಾರಿ ಕೇಳಬೇಕು. ಒಂದಕ್ಕೆ ಸಿಕ್ಕ ಉತ್ತರ ಇನ್ನೊಂದಕ್ಕೆ ಅನ್ವಯಿಸುವುದಿಲ್ಲ. ಪೊಟ್ಟಣದೊಂದಿಗೆ ಬರುವ ಅಂಟು ಚೀಟಿಯನ್ನು ನಿಮ್ಮ ಕಡತದಲ್ಲಿ ಅಂಟಿಸಿಕೊಡಲು ಹೇಳಿ. ಮುಂದೆ ಬೇರೆ ಊರಿನ ಡಾಕ್ಟರರಿಗೆ ತೋರಿಸಬೇಕಾದಾಗ ಅದೊಂದೇ ಉಪಯೋಗಕ್ಕೆ ಬರುವ ಕಾಗದ.

ಆಪರೇಷನ್ ಆಗಿ ವರ್ಷ ಕಳೆದರೂ ಎಕ್ಸ್‌ರೇಯಲ್ಲಿ ಬಿಳಿ ಕಲ್ಲು ಹಾಗೆಯೇ ಕಾಣುತ್ತದೆ. ಎಲುಬು ಬೆಳೆದಿಲ್ಲವೇ?

ಬಿಳಿ ಕಂಡ ಮಾತ್ರಕ್ಕೆ ಬೆಳೆದಿಲ್ಲ ಎನ್ನಲಾಗದು. ಹೈಡ್ರಾಕ್ಸಿಅಪಟೈಟ್ ಬಹಳ ನಿಧಾನ ಕರಗುತ್ತದೆ. ಅದರ ಸಂದುಗಳಲ್ಲಿ ಎಲುಬು ತುಂಬಿದ್ದರೂ ವರ್ಷಗಟ್ಟಲೆ ಎಕ್ಸ್‌ರೇಯಲ್ಲಿ ಕಾಣುತ್ತಿರುತ್ತದೆ. ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಆದರೆ ಸಾಮಾನ್ಯವಾಗಿ ಆರು ತಿಂಗಳಿಂದ ಎರಡು ವರ್ಷದೊಳಗೆ ಬಹುಪಾಲು ಕರಗಿ ಎಲುಬಿಗೆ ಎಡೆ ಬಿಡುತ್ತದೆ. ತಜ್ಞರು ನೋಡುವುದು ಅಂಚನ್ನು. ಸೆರಾಮಿಕ್ ಮತ್ತು ನಿಮ್ಮ ಎಲುಬಿನ ನಡುವೆ ಕಪ್ಪು ಗೆರೆ ಉಳಿದಿದೆಯೇ, ಮಾಸಿದೆಯೇ? ಗೆರೆ ಉಳಿದು, ಕಾಲೂರಿದಾಗ ನೋವೂ ಇದ್ದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಬಜ್ಪೆ ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಯಂತ್ರ ಕೂಗುತ್ತದೆಯೇ? ಎಂಆರ್‌ಐ ಮಾಡಿಸಬಹುದೇ?

ಸೆರಾಮಿಕ್ ಲೋಹವಲ್ಲ, ಆದ್ದರಿಂದ ಅದರಿಂದ ಎರಡಕ್ಕೂ ತೊಂದರೆ ಇಲ್ಲ. ಜೊತೆಯಲ್ಲಿ ಹಾಕಿದ ಪ್ಲೇಟು, ಸ್ಕ್ರೂಗಳ ವಿಷಯ ಬೇರೆ, ಅದನ್ನು ತಿಳಿಸಿ.

ಬೂತಾಯಿ ಮೀನು, ರಾಗಿ, ಕ್ಯಾಲ್ಸಿಯಂ ಮಾತ್ರೆ ಹೆಚ್ಚು ತಿಂದರೆ ಬೇಗ ಬೆಳೆಯುತ್ತದೆಯೇ?

ಕೊರತೆ ಇದ್ದರೆ ತುಂಬಿಕೊಳ್ಳಬೇಕು, ವಿಶೇಷವಾಗಿ ವಿಟಮಿನ್ ಡಿ. ಕೊರತೆ ಇಲ್ಲದವರು ದುಪ್ಪಟ್ಟು ತಿಂದರೆ ಎಲುಬು ದುಪ್ಪಟ್ಟು ಬೇಗ ಬರುವುದಿಲ್ಲ. ನಿಜವಾಗಿ ಫಲ ಕೊಡುವುದು ಬೀಡಿ, ಸಿಗರೇಟು ಬಿಡುವುದು ಮತ್ತು ಸಕ್ಕರೆ ಕಾಯಿಲೆಯನ್ನು ಹತೋಟಿಯಲ್ಲಿ ಇಡುವುದು. ಈ ಸಲಹೆ ಯಾರಿಗೂ ಇಷ್ಟವಾಗುವುದಿಲ್ಲ, ಗೊತ್ತು.

## ಹಂದರ ಏನು, ಹೇಗೆ

ಸೆರಾಮಿಕ್ ಎಂದರೆ ನಮ್ಮ ಮಂಗಳೂರು ಹಂಚಿನ ಹಾಗೆಯೇ?

ತತ್ತ್ವ ಒಂದೇ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ಈ ಊರಿಗೆ ಗೊತ್ತಿರುವ ಸಂಗತಿ ಇದು: ಹಸಿ ಮಣ್ಣಿನ ಕಣಗಳು ಗೂಡಿನ ಬಿಸಿಗೆ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಕಡಿಮೆ ಸುಟ್ಟ ಹಂಚು ನೀರು ಹೀರುತ್ತದೆ, ಹೆಚ್ಚು ಸುಟ್ಟದ್ದು ಸೊಟ್ಟಗಾಗುತ್ತದೆ. ಹೈಡ್ರಾಕ್ಸಿಅಪಟೈಟನ್ನು ಸುಡುವುದು 1100ರಿಂದ 1300 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಆದರೆ ಹಂಚಿನವರು ಸಣ್ಣ ರಂಧ್ರಗಳನ್ನು ಮುಚ್ಚಿಸಲು ಹೆಣಗಿದರೆ ನಾವು ಉಳಿಸಿಕೊಳ್ಳಲು ಹೆಣಗುತ್ತೇವೆ. ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟಿನಲ್ಲಿ ಇನ್ನೊಂದು ಕಿರಿಕಿರಿ ಇದೆ. ಸುಮಾರು 1125 ಡಿಗ್ರಿ ದಾಟಿದರೆ ಅದರ ಹರಳಿನ ರಚನೆಯೇ ಬದಲಾಗಿ ಇನ್ನೂ ಬೇಗ ಕರಗುವ ಆಲ್ಫಾ ರೂಪಕ್ಕೆ ತಿರುಗುತ್ತದೆ.

ಎಲುಬಿಗೆ ಖನಿಜ ತುಂಬುವ ಯೋಚನೆ ಹಳೆಯದು. 1892ರಲ್ಲಿ ಜರ್ಮನಿಯ ಡ್ರೀಸ್‌ಮನ್ ಪ್ಲಾಸ್ಟರ್ ಆಫ್ ಪ್ಯಾರಿಸ್ ತುಂಬಿ ನೋಡಿದ್ದ. 1920ರಲ್ಲಿ ಅಮೆರಿಕದ ಆಲ್ಬೀ ಕ್ಯಾಲ್ಸಿಯಂ ಫಾಸ್ಫೇಟ್ ಬಳಸಿದ. 1969ರಲ್ಲಿ ಲ್ಯಾರಿ ಹೆಂಚ್ ಎಲುಬಿಗೆ ನೇರವಾಗಿ ಬೆಸೆದುಕೊಳ್ಳುವ ಗಾಜನ್ನು ರೂಪಿಸಿದ.

ರಂಧ್ರ ಮಾಡಿದರೆ ದುರ್ಬಲವಾಗುವುದಿಲ್ಲವೇ?

ಆಗುತ್ತದೆ. ಈ ಕ್ಷೇತ್ರದ ಬೇಗುದಿಯೇ ಅದು. ರಕ್ತನಾಳ ಒಳಗೆ ಹೋಗಬೇಕಾದರೆ ರಂಧ್ರಗಳು ಕನಿಷ್ಠ 100 ಮೈಕ್ರಾನ್ (ಮಿಲಿಮೀಟರಿನ ಹತ್ತನೇ ಒಂದು ಪಾಲು) ಇರಬೇಕು, 300ಕ್ಕಿಂತ ಹೆಚ್ಚಿದ್ದರೆ ಮೇಲು, ಜೊತೆಗೆ ಒಂದರಿಂದ ಇನ್ನೊಂದಕ್ಕೆ ದಾರಿಯೂ ಇರಬೇಕು. ಹಾಗೆ ಮಾಡಿದಾಗ ಬಲ ಕುಸಿಯುತ್ತದೆ. ಅದಕ್ಕಾಗಿಯೇ ತೊಡೆಯ ಎಲುಬಿನಂಥ ಭಾರ ಹೊರುವ ಜಾಗದಲ್ಲಿ ಹಂದರವನ್ನು ಒಂಟಿಯಾಗಿ ಬಿಡುವುದಿಲ್ಲ. ಭಾರವನ್ನು ಪ್ಲೇಟ್ ಅಥವಾ ರಾಡ್ ಹೊರುತ್ತದೆ.

ಕಪ್ಪೆ ಬೊಂಡಾಸಿನ (ಕಟ್ಲ್‌ಫಿಶ್) ಒಳಗಿನ ಬಿಳಿ ಓಡು, ಮರುವಾಯಿ ಚಿಪ್ಪು, ಇವುಗಳಿಂದ ಎಲುಬು ಮಾಡಬಹುದಂತೆ. ಮಲ್ಪೆಯಲ್ಲಿ ರಾಶಿ ರಾಶಿ ಸಿಗುತ್ತದಲ್ಲ?

ಮಾಡಬಹುದು. ಸುಳ್ಳು ಸುದ್ದಿಯಲ್ಲ. 1974ರಲ್ಲಿ ರಾಯ್ ಮತ್ತು ಲಿನೆಹನ್ ಎಂಬ ವಿಜ್ಞಾನಿಗಳು ಹವಳದ ಕ್ಯಾಲ್ಸಿಯಂ ಕಾರ್ಬೊನೇಟನ್ನು ಫಾಸ್ಫೇಟ್ ದ್ರಾವಣದಲ್ಲಿ ಬಿಸಿ ಮತ್ತು ಒತ್ತಡಕ್ಕೆ ಒಡ್ಡಿ, ಆಕಾರ ಕೆಡದಂತೆ ಹೈಡ್ರಾಕ್ಸಿಅಪಟೈಟ್ ಮಾಡಿದರು. ಹವಳದ ರಂಧ್ರಗಳು ಎಲುಬಿನವನ್ನು ಹೋಲುತ್ತವೆ, ಅದರಿಂದ ಮಾಡಿದ ಉತ್ಪನ್ನಗಳು ಶಸ್ತ್ರಚಿಕಿತ್ಸೆಗೂ ಬಂದವು. ಭಾರತದಲ್ಲಿ ಗಟ್ಟಿ ಹವಳಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಹಾಗಾಗಿ ದ್ವೀಪಕ್ಕೆ ಹೋದಾಗ ಆಯ್ದುಕೊಂಡು ಬಂದು ಪ್ರಯೋಗ ಮಾಡುವ ಯೋಚನೆ ಬೇಡ.

ಕಪ್ಪೆ ಬೊಂಡಾಸಿನ ಓಡು, ಅಂಗಡಿಯಲ್ಲಿ ಸಮುದ್ರ ನೊರೆ ಎಂದು ಮಾರುವುದು, ನಮಗೆ ಹತ್ತಿರದ್ದು. ಉಗುರಿನಿಂದ ಒತ್ತಿದರೆ ಗುಳಿ ಬೀಳುವಷ್ಟು ಮೃದು. ಅಡ್ಡ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತೆಳು ಹಾಳೆಗಳು ಒಂದರ ಮೇಲೊಂದು, ನಡುವೆ ಸಾಲುಸಾಲಾಗಿ ಪುಟ್ಟ ಕಂಬಗಳು. ಮುಕ್ಕಾಲಿಗಿಂತ ಹೆಚ್ಚು ಭಾಗ ಖಾಲಿ. ಇದನ್ನೂ ಅದೇ ರೀತಿಯಲ್ಲಿ ಹೈಡ್ರಾಕ್ಸಿಅಪಟೈಟ್ (ಚಿಕ್ಕದಾಗಿ ಅಪಟೈಟ್) ಆಗಿ ಪರಿವರ್ತಿಸಬಹುದು. ಮರುವಾಯಿ ಚಿಪ್ಪಿಗೆ ಅಂಥ ಒಳರಚನೆ ಇಲ್ಲ. ಅದನ್ನು ಸುಟ್ಟು ಸುಣ್ಣ ಮಾಡಿ, ಫಾಸ್ಫೇಟಿನೊಂದಿಗೆ ಸೇರಿಸಿ ಪುಡಿ ಪಡೆಯಬೇಕು. ಕಚ್ಚಾ ವಸ್ತು ಅಗ್ಗ ಎಂಬ ವಾದ ಮಾತ್ರ ನನಗೆ ಅಷ್ಟು ರುಚಿಸುವುದಿಲ್ಲ. ಪೊಟ್ಟಣದ ಬೆಲೆಯಲ್ಲಿ ಕ್ಯಾಲ್ಸಿಯಂನ ಪಾಲು ಅತ್ಯಲ್ಪ. ದುಡ್ಡು ಹೋಗುವುದು ಶುದ್ಧತೆ, ಪರೀಕ್ಷೆ ಮತ್ತು ಪರವಾನಗಿಗೆ. ಸಮುದ್ರದಿಂದ ಬಂದದ್ದರಲ್ಲಿ ಭಾರಲೋಹಗಳ ಪರೀಕ್ಷೆಯ ಖರ್ಚು ಹೆಚ್ಚುವರಿ.

## ಮೇಲ್ಮೈಯ ವಿಚಾರ

ಒಳಗಿನ ವಸ್ತು ಅದೇ ಇದ್ದಾಗ ಮೇಲ್ಮೈ ಮಾತ್ರ ಬದಲಿಸಿ ಏನು ಸಿಗುತ್ತದೆ?

ಜೀವಕೋಶಕ್ಕೆ ಸೆರಾಮಿಕ್ ಎಂದೂ ನೇರವಾಗಿ ಮುಖಾಮುಖಿಯಾಗುವುದಿಲ್ಲ. ಹಂದರ ರಕ್ತಕ್ಕೆ ತಾಗಿದ ಕೆಲವೇ ಕ್ಷಣಗಳಲ್ಲಿ ಪ್ರೋಟೀನುಗಳು ಬಂದು ಅಂಟಿಕೊಳ್ಳುತ್ತವೆ. ಕೋಶ ತಡವಾಗಿ ಬರುತ್ತದೆ, ಬಂದಾಗ ಅದು ತಡವಿ ನೋಡುವುದು ಆ ಪ್ರೋಟೀನುಗಳನ್ನು. ಫೈಬ್ರೊನೆಕ್ಟಿನ್, ವಿಟ್ರೊನೆಕ್ಟಿನ್‌ನಂಥವು ಸರಿಯಾದ ಭಂಗಿಯಲ್ಲಿ ಕೂತಿದ್ದರೆ ಕೋಶದ ಹೊರಗಿನ ಕೊಂಡಿಗಳಾದ ಇಂಟೆಗ್ರಿನ್‌ಗಳು ಹಿಡಿತ ಪಡೆಯುತ್ತವೆ, ಕೋಶ ಹರಡಿಕೊಳ್ಳುತ್ತದೆ, ಎಲುಬು ಕಟ್ಟುವ ಕಡೆಗೆ ತಿರುಗುತ್ತದೆ. ಯಾವ ಪ್ರೋಟೀನ್, ಎಷ್ಟು, ಯಾವ ಭಂಗಿಯಲ್ಲಿ ಎಂಬುದನ್ನು ನಿರ್ಧರಿಸುವುದು ಮೇಲ್ಮೈಯ ಒರಟು, ವಿದ್ಯುದಂಶ ಮತ್ತು ನೀರಿನೊಂದಿಗಿನ ಒಲವು. ಉರಿಯೂತದ ಕೋಶಗಳಾದ ಮ್ಯಾಕ್ರೋಫೇಜ್‌ಗಳೂ ಇಲ್ಲಿಯೇ ತಮ್ಮ ನಿಲುವು ತೆಗೆದುಕೊಳ್ಳುತ್ತವೆ: ಜಗಳ ಮುಂದುವರಿಸಬೇಕೋ, ದುರಸ್ತಿಗೆ ಇಳಿಯಬೇಕೋ.

ಆದರೂ ಒಂದು ಮಿತಿಯನ್ನು ಇಲ್ಲಿಯೇ ಹೇಳಿಬಿಡಬೇಕು. ಮೇಲ್ಮೈ ಕೋಶವನ್ನು ಹಿಡಿದುಕೊಳ್ಳಬಲ್ಲದು, ಅದಕ್ಕೆ ಆಮ್ಲಜನಕ ತಂದುಕೊಡಲಾರದು. ರಕ್ತ ಬಾರದ, ಅಲುಗಾಡುವ, ಕೀವು ತುಂಬಿದ ಜಾಗದಲ್ಲಿ ಎಂಥ ಲೇಪವೂ ಸೋಲುತ್ತದೆ. ಹಂದರ ಸೋತ ಸುದ್ದಿ ಬಂದಾಗಲೆಲ್ಲ ಲೇಪವನ್ನು ಬಯ್ಯುವ ಮೊದಲು ನಾನು ಈ ಮೂರನ್ನು ಕೇಳುತ್ತೇನೆ.

ಲೇಪವೇ ಇಲ್ಲದೆ, ಬರೀ ಮೇಲ್ಮೈ ಒರಟಾಗಿಸಿದರೆ ಸಾಕೇ?

ಎಷ್ಟೋ ಬಾರಿ ಸಾಕು. 1990ರ ದಶಕದ ಆರಂಭದಲ್ಲಿ ನಾಯಿ ಮತ್ತು ಬಬೂನ್‌ಗಳಲ್ಲಿ ಒಂದು ವಿಚಿತ್ರ ಕಂಡುಬಂತು: ಎಲುಬಿನಿಂದ ದೂರ, ಸ್ನಾಯುವಿನಲ್ಲೋ ಚರ್ಮದಡಿಯಲ್ಲೋ ಇಟ್ಟ ಕೆಲವು ಸರಂಧ್ರ ಕ್ಯಾಲ್ಸಿಯಂ ಫಾಸ್ಫೇಟ್‌ಗಳಲ್ಲಿ ಎಲುಬು ಹುಟ್ಟಿತ್ತು. ಯಾವ ಹಾರ್ಮೋನನ್ನೂ ಹಾಕಿರಲಿಲ್ಲ. ಮುಂದಿನ ಸಂಶೋಧನೆಗಳು ಬೆರಳು ತೋರಿದ್ದು ಮೈಕ್ರಾನಿಗಿಂತ ಸಣ್ಣ ಕಣ ಮತ್ತು ಸೂಕ್ಷ್ಮ ರಂಧ್ರಗಳ ಕಡೆಗೆ. 2010ರಲ್ಲಿ ಪ್ರಕಟವಾದ ಕುರಿಗಳ ಅಧ್ಯಯನವೊಂದರಲ್ಲಿ ಅಂಥ ಸೂಕ್ಷ್ಮ ಮೇಲ್ಮೈಯ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಪ್ರಾಣಿಯ ಸ್ವಂತ ಎಲುಬಿನ ಕಸಿಗೆ ಸರಿಸಾಟಿಯಾಯಿತು. ಇದನ್ನು ಪಡೆಯಲು ದುಬಾರಿ ರಾಸಾಯನಿಕ ಬೇಡ, ಕುಲುಮೆಯ ಉಷ್ಣತೆಯನ್ನು ಸ್ವಲ್ಪ ತಗ್ಗಿಸಿದರೆ ಬಹುಪಾಲು ಕೆಲಸ ಆಯಿತು. ಕಡಿಮೆ ಗ್ಲಾಮರ್ ಇರುವುದರಿಂದಲೋ ಏನೋ, ವಿದ್ಯಾರ್ಥಿಗಳು ಇದನ್ನು ಆರಿಸಿಕೊಳ್ಳುವುದು ಅಪರೂಪ.

ಪಚ್ಚಿಲೆ (ಕಪ್ಪೆಚಿಪ್ಪಿನ ಜಾತಿಯ ಜೀವಿ) ಬಂಡೆಗೆ ಅಂಟುವ ಗೋಂದನ್ನು ಹಂದರಕ್ಕೆ ಹಚ್ಚುತ್ತಾರಂತೆ, ನಿಜವೇ?

ಪಚ್ಚಿಲೆಯ ಗೋಂದನ್ನೇ ಅಲ್ಲ, ಅದರಿಂದ ಕಲಿತ ರಸಾಯನವನ್ನು. ಅಲೆ ಎಷ್ಟೇ ಅಪ್ಪಳಿಸಿದರೂ ಪಚ್ಚಿಲೆ ಒದ್ದೆ ಬಂಡೆಯನ್ನು ಬಿಡುವುದಿಲ್ಲ. ಅದರ ನಾರಿನ ತುದಿಯ ಪ್ರೋಟೀನಿನಲ್ಲಿರುವ ಕ್ಯಾಟೆಕಾಲ್ ಎಂಬ ರಾಸಾಯನಿಕ ಗುಂಪುಗಳು ಇದಕ್ಕೆ ಕಾರಣ. 2007ರಲ್ಲಿ ಅಮೆರಿಕದ ವಿಜ್ಞಾನಿ ಮೆಸರ್‌ಸ್ಮಿತ್ ತಂಡ ಅದೇ ಗುಂಪುಗಳಿರುವ ಡೋಪಮೈನನ್ನು ಸ್ವಲ್ಪ ಕ್ಷಾರೀಯ ನೀರಿನಲ್ಲಿ, ಪಿಎಚ್ 8.5ರಲ್ಲಿ, ಕರಗಿಸಿ ವಸ್ತುಗಳನ್ನು ಮುಳುಗಿಸಿತು. ಯಾವ ವಸ್ತುವಾದರೂ ಸರಿ, ತೆಳ್ಳಗೆ ಪಾಲಿಡೋಪಮೈನ್ ಕೂರುತ್ತಿತ್ತು. ಪ್ರಯೋಗಾಲಯದಲ್ಲಿ ನೋಡಲು ಚೆಂದ: ನೀರು ಮೊದಲು ಗುಲಾಬಿ, ಆಮೇಲೆ ಕಂದು, ಮರುದಿನ ಕಪ್ಪು. ಬಿಳಿ ಹಂದರ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಆ ಪದರದ ಮೇಲೆ ಪೆಪ್ಟೈಡ್ (ಪ್ರೋಟೀನಿನ ಚಿಕ್ಕ ತುಣುಕು), ಔಷಧಿ, ಪ್ರೋಟೀನ್ ಏನನ್ನಾದರೂ ಸುಲಭವಾಗಿ ಕಟ್ಟಬಹುದು.

ಸಿಗಡಿ ಸಿಪ್ಪೆಯ ಕೈಟೊಸಾನ್ ಹಚ್ಚಿದರೆ ಬಲ ಬರುತ್ತದೆಯೇ?

ಬಲಕ್ಕಿಂತ ಹೆಚ್ಚಾಗಿ ತಾಳಿಕೆ ಬರುತ್ತದೆ. ಬರಿಯ ಸೆರಾಮಿಕ್ ಒಂದು ಬಿರುಕು ಬಿಟ್ಟರೆ ಪಟ್ಟನೆ ಒಡೆಯುತ್ತದೆ. ಕೈಟೊಸಾನ್, ಜೆಲಟಿನ್, ಪಾಲಿಕ್ಯಾಪ್ರೊಲ್ಯಾಕ್ಟೋನ್‌ನಂಥ ಪಾಲಿಮರ್‌ಗಳು ಬಿರುಕಿನೊಳಗೆ ಎಳೆಗಳಾಗಿ ನಿಂತು ಚೂರುಗಳನ್ನು ಹಿಡಿದಿಡುತ್ತವೆ. ಬೆಲೆ ತೆರಬೇಕಾದದ್ದು ಬೇರೆ ಕಡೆ: ದಪ್ಪ ಲೇಪ ರಂಧ್ರಗಳ ಬಾಯಿ ಮುಚ್ಚುತ್ತದೆ, ಕೋಶಕ್ಕೆ ಬೇಕಾದ ಖನಿಜವನ್ನು ಮರೆಮಾಡುತ್ತದೆ. ಒಂದು ಸೆಂಟಿಮೀಟರಿನ ಎರಡು ತುಂಡು ತೆಗೆದುಕೊಂಡು ಒಂದೊಂದು ಹನಿ ಶಾಯಿ ನೀರು ಬಿಟ್ಟು ನೋಡಿ. ಬರಿಯ ಅಪಟೈಟ್ ಕಣ್ಣು ಮಿಟುಕಿಸುವುದರೊಳಗೆ ಹೀರಿಕೊಳ್ಳುತ್ತದೆ, ಪಾಲಿಕ್ಯಾಪ್ರೊಲ್ಯಾಕ್ಟೋನ್ ಬಳಿದದ್ದರ ಮೇಲೆ ಹನಿ ಗುಂಡಗೆ ಕೂತೇ ಇರುತ್ತದೆ.

ಬೆಳವಣಿಗೆಯ ಪ್ರೋಟೀನನ್ನೇ ಲೇಪಿಸಿದರೆ ಕೆಲಸ ಮುಗಿಯಿತಲ್ಲ?

ಮಾರ್ಷಲ್ ಯೂರಿಸ್ಟ್ 1965ರಲ್ಲಿ, ಖನಿಜ ತೆಗೆದ ಎಲುಬು ಸ್ನಾಯುವಿನಲ್ಲೂ ಎಲುಬು ಹುಟ್ಟಿಸುತ್ತದೆ ಎಂದು ತೋರಿಸಿದ ಮೇಲೆ ಎಲ್ಲರೂ ಹಾಗೆಯೇ ಅಂದುಕೊಂಡರು. ಅದರ ಹಿಂದಿನ ಪ್ರೋಟೀನುಗಳಲ್ಲಿ ಒಂದಾದ ಬಿಎಂಪಿ-2ಕ್ಕೆ, ಕೊಲಾಜೆನ್ ಸ್ಪಂಜಿನಲ್ಲಿ ನೆನೆಸಿ ಬೆನ್ನೆಲುಬಿನಲ್ಲಿ ಬಳಸಲು, 2002ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಸ್ಪಂಜು ಅದನ್ನು ಹಿಡಿದಿಟ್ಟುಕೊಳ್ಳದು, ಆದ್ದರಿಂದ ದೇಹದಲ್ಲಿ ಸಹಜವಾಗಿ ಇರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಹಾಕಬೇಕಾಯಿತು. ಅನುಮತಿ ಇಲ್ಲದಿದ್ದರೂ ಕತ್ತಿನ ಬೆನ್ನೆಲುಬಿಗೆ ಬಳಸಿದಾಗ ಗಂಟಲು ಊದಿಕೊಂಡು ಉಸಿರಿಗೇ ತೊಂದರೆಯಾದ ಪ್ರಕರಣಗಳು ಬಂದವು. 2008ರಲ್ಲಿ ಅಲ್ಲಿನ ನಿಯಂತ್ರಣ ಸಂಸ್ಥೆ ಎಚ್ಚರಿಕೆ ಹೊರಡಿಸಿತು. ಹಂದರದ ಮೇಲ್ಮೈಗೆ ಗಟ್ಟಿಯಾಗಿ ಕಟ್ಟಿ, ಕಡಿಮೆ ಪ್ರಮಾಣವನ್ನು ನಿಧಾನವಾಗಿ ಬಿಡುವ ಪ್ರಯತ್ನಗಳಿಗೆಲ್ಲ ಹಿನ್ನೆಲೆ ಇದು.

ಬೆಳ್ಳಿ, ಸತು, ಸ್ಟ್ರಾನ್ಶಿಯಂ ಸೇರಿಸುತ್ತಾರಂತೆ. ವಿಷವಾಗುವುದಿಲ್ಲವೇ?

ಪ್ರಮಾಣ ಮೀರಿದರೆ ಆಗುತ್ತದೆ. ಬೆಳ್ಳಿ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಆದರೆ ಅದಕ್ಕೆ ಬೇಕಾದ ಪ್ರಮಾಣಕ್ಕೂ ಎಲುಬಿನ ಕೋಶವನ್ನು ನೋಯಿಸುವ ಪ್ರಮಾಣಕ್ಕೂ ಅಂತರ ಕಿರಿದು. ಸ್ಟ್ರಾನ್ಶಿಯಂ ಎಲುಬು ಕಟ್ಟುವ ಕೋಶವನ್ನು ಹುರಿದುಂಬಿಸಿ ಕರಗಿಸುವ ಕೋಶವನ್ನು ತಡೆಯುತ್ತದೆ. ಇಂಥ ಕೆಲಸಗಳನ್ನು ಓದುವಾಗ ಎಷ್ಟು ಸೇರಿಸಿದರು ಎಂಬುದಕ್ಕಿಂತ ದಿನಕ್ಕೆ ಎಷ್ಟು ಹೊರಬಂತು ಎಂಬುದನ್ನು ನೋಡಬೇಕು.

ಮೇಲ್ಮೈ ಬದಲಿಸಿದ ಹಂದರ ರೋಗಿಗಳಿಗೆ ಸಿಗುತ್ತಿದೆಯೇ, ಬರೀ ಪ್ರಯೋಗಾಲಯದ ಮಾತೇ?

ಸಿಗುವಂಥವು ಇವೆ, ಆದರೆ ಪ್ರಬಂಧಗಳ ಸಂಖ್ಯೆ ನೋಡಿ ಅಂದಾಜು ಮಾಡಬೇಡಿ. ಕೊಲಾಜೆನ್‌ನ 15 ಅಮೈನೋ ಆಮ್ಲಗಳ ತುಣುಕಾದ ಪಿ-15 ಪೆಪ್ಟೈಡನ್ನು ದನದ ಎಲುಬಿನ ಖನಿಜಕ್ಕೆ ಅಂಟಿಸಿದ ಉತ್ಪನ್ನ ಮೊದಲು ದಂತ ಚಿಕಿತ್ಸೆಗೆ ಬಂತು. 2015ರಲ್ಲಿ ಅದೇ ಬಗೆಯದ್ದಕ್ಕೆ ಅಮೆರಿಕದಲ್ಲಿ ಕತ್ತಿನ ಬೆನ್ನೆಲುಬಿಗೆ ಅನುಮತಿ ಸಿಕ್ಕಿತು. ಸಿಲಿಕಾನ್ ಬೆರೆತ ಅಪಟೈಟ್‌ಗಳೂ ಬಳಕೆಯಲ್ಲಿವೆ. ನಮ್ಮ ಪಕ್ಕದ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ದಶಕಗಳಿಂದ ಜೈವಿಕ ಸೆರಾಮಿಕ್‌ಗಳ ಮೇಲೆ ಕೆಲಸ ಮಾಡುತ್ತಿದೆ. ಭಾರತದಲ್ಲಿ ಇವೆಲ್ಲ 2017ರ ವೈದ್ಯಕೀಯ ಸಾಧನಗಳ ನಿಯಮಗಳ ಅಡಿಯಲ್ಲಿ ಬರುತ್ತವೆ. ಲೇಪದಲ್ಲಿ ಔಷಧಿಯೋ ಪ್ರೋಟೀನೋ ಸೇರಿದರೆ ಅನುಮತಿಯ ದಾರಿ ಇನ್ನೂ ಉದ್ದವಾಗುತ್ತದೆ.

## ಪ್ರಾಜೆಕ್ಟ್ ಮಾಡುವವರಿಗೆ

ಕೃತಕ ದೇಹದ್ರವದಲ್ಲಿ ಇಟ್ಟಾಗ ಅಪಟೈಟ್ ಬೆಳೆಯಿತು. ಎಲುಬೂ ಬೆಳೆಯುತ್ತದೆ ಎನ್ನಬಹುದೇ?

ಬೇಡ. ಜಪಾನಿನ ವಿಜ್ಞಾನಿ ಕೊಕುಬೊ ರೂಪಿಸಿದ ಆ ದ್ರವದಲ್ಲಿ ರಕ್ತದ ಅಯಾನುಗಳಿವೆ, ಪ್ರೋಟೀನುಗಳಿಲ್ಲ, ಕೋಶಗಳಂತೂ ಇಲ್ಲವೇ ಇಲ್ಲ. ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಈ ಪರೀಕ್ಷೆಯಲ್ಲಿ ಹಲವು ಬಾರಿ ಫೇಲಾಗುತ್ತದೆ, ದೇಹದಲ್ಲಿ ಮಾತ್ರ ಎಲುಬಿಗೆ ಚೆನ್ನಾಗಿ ಬೆಸೆದುಕೊಳ್ಳುತ್ತದೆ. ಈ ದ್ರವವನ್ನು 36.5 ಡಿಗ್ರಿಯಲ್ಲಿ ಲೇಪ ಹಾಕುವ ಒಂದು ವಿಧಾನವಾಗಿ ಬಳಸಿ, ತೀರ್ಪು ಕೊಡುವ ಪರೀಕ್ಷೆಯಾಗಿ ಅಲ್ಲ.

ಲೇಪ ಹಾಕಿದ ಹಂದರದ ಮೇಲೆ ಕೋಶಗಳು ಚೆನ್ನಾಗಿ ಬೆಳೆದವು, ಹಾಕದ್ದರ ಮೇಲೂ ಬೆಳೆದವು. ವ್ಯತ್ಯಾಸ ಏಕೆ ಬರಲಿಲ್ಲ?

ಕೋಶ ಬೆಳೆಸುವ ದ್ರವದಲ್ಲಿ ನೀವು ಹಾಕಿದ ಶೇಕಡಾ 10ರಷ್ಟು ಕರುವಿನ ರಕ್ತದ ಸೀರಂ ಎರಡೂ ಮೇಲ್ಮೈಗಳನ್ನು ಪ್ರೋಟೀನಿನಿಂದ ಮುಚ್ಚಿರಬಹುದು. 1984ರಲ್ಲಿ ಗುರುತಿಸಿದ, ಕೋಶ ಹಿಡಿದುಕೊಳ್ಳುವ ಆರ್‌ಜಿಡಿ ಎಂಬ ಮೂರು ಅಮೈನೋ ಆಮ್ಲಗಳ ತುಣುಕನ್ನು ಎಷ್ಟೇ ಜಾಣತನದಿಂದ ಕಟ್ಟಿದರೂ ಸೀರಂನ ಫೈಬ್ರೊನೆಕ್ಟಿನ್‌ನಲ್ಲಿ ಅದೇ ತುಣುಕು ಇದೆ. ಮೊದಲ ಕೆಲವು ಗಂಟೆ ಸೀರಂ ಇಲ್ಲದೆ ಅಂಟಿಕೆಯನ್ನು ಅಳೆಯಿರಿ. ಬರೀ ಸಂಖ್ಯೆ ಎಣಿಸದೆ, ಕೋಶ ಎಲುಬು ಕಟ್ಟುವತ್ತ ತಿರುಗಿದೆ ಎಂದು ತಿಳಿಸುವ ಕ್ಷಾರೀಯ ಫಾಸ್ಫಟೇಸ್, ಆಸ್ಟಿಯೋಕ್ಯಾಲ್ಸಿನ್‌ನಂಥ ಗುರುತುಗಳನ್ನೂ ನೋಡಿ. ಆಗಲೂ ವ್ಯತ್ಯಾಸ ಬಾರದಿದ್ದರೆ ಹಾಗೆಯೇ ಬರೆಯಿರಿ, ಅದೂ ಫಲಿತಾಂಶವೇ.

ಲೇಪ ಒಳಗಿನ ರಂಧ್ರಗಳವರೆಗೆ ಹೋಗಿದೆ ಎಂದು ಹೇಗೆ ತೋರಿಸುವುದು?

ಹೊರಗಿನ ಚಿತ್ರ ತೆಗೆದು ಬಿಡುವವರೇ ಹೆಚ್ಚು. ತುಂಡನ್ನು ನಡುವೆ ಒಡೆದು, ಮಧ್ಯಭಾಗವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಒಳಗೆ ಸಿಕ್ಕಿಬಿದ್ದ ಗಾಳಿಯೇ ಮುಖ್ಯ ಶತ್ರು. ಒಣ ಹಂದರವನ್ನು ದ್ರಾವಣಕ್ಕೆ ಹಾಕಿದಾಗ ಗುಳ್ಳೆ ಏಳುತ್ತಾ ತೇಲುತ್ತಿದ್ದರೆ ಒಳಗೆ ಏನೂ ಹೋಗುತ್ತಿಲ್ಲ. ನಿರ್ವಾತದಲ್ಲಿಟ್ಟು ಗಾಳಿ ಎಳೆದು, ಮುಳುಗಿ ತಳ ಸೇರಿದ ಮೇಲೆ ಗಡಿಯಾರ ಶುರು ಮಾಡಿ.

ಚಿಪ್ಪಿನ ಸುಣ್ಣದಿಂದ ಮಾಡಿದ ಅಪಟೈಟ್ ಬೇಸಿಗೆಯಲ್ಲಿ ಸರಿ ಬಂತು, ಜುಲೈಯಲ್ಲಿ ಕೆಟ್ಟಿತು. ವಿಧಾನ ಒಂದೇ.

ವಿಧಾನ ಒಂದೇ, ಗಾಳಿ ಬೇರೆ. ಸುಟ್ಟ ಸುಣ್ಣ ನಮ್ಮ ಮಳೆಗಾಲದ ತೇವವನ್ನು ಹೀರಿ ಹೈಡ್ರಾಕ್ಸೈಡ್ ಆಗುತ್ತದೆ, ಆಮೇಲೆ ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಮತ್ತೆ ಕಾರ್ಬೊನೇಟ್ ಆಗುತ್ತದೆ. ಅದೇ ತೂಕದಲ್ಲಿ ಕ್ಯಾಲ್ಸಿಯಂ ಕಡಿಮೆಯಾಗುವುದರಿಂದ, 1.67 ಇರಬೇಕಾದ ಕ್ಯಾಲ್ಸಿಯಂ ಮತ್ತು ಫಾಸ್ಫರಸ್‌ನ ಅನುಪಾತ ಇಳಿಯುತ್ತದೆ. ಸುಟ್ಟಾಗ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಬೆರೆತುಬಿಡುತ್ತದೆ. ಸುಟ್ಟ ದಿನವೇ ತೂಗಿ ಬಳಸಿ, ಇಲ್ಲವೇ ಬಳಸುವ ಮೊದಲು ಮತ್ತೊಮ್ಮೆ ಸುಡಿ.

ಕ್ರಿಮಿಶುದ್ಧಿಗೆ ಕೊನೆಗೆ ಆಟೋಕ್ಲೇವ್ ಮಾಡಿದರೆ (ಒತ್ತಡದ ಹಬೆಯಲ್ಲಿ ಇಟ್ಟರೆ) ಆಯಿತಲ್ಲ?

ಬರಿಯ ಸೆರಾಮಿಕ್‌ಗೆ ಆಗಬಹುದು. ಲೇಪವಿದ್ದರೆ 121 ಡಿಗ್ರಿಯ ಹಬೆ ಪ್ರೋಟೀನನ್ನು ಬೇಯಿಸುತ್ತದೆ, ಸುಮಾರು 60 ಡಿಗ್ರಿಗೇ ಕರಗುವ ಪಾಲಿಕ್ಯಾಪ್ರೊಲ್ಯಾಕ್ಟೋನನ್ನು ಹರಿಸಿಬಿಡುತ್ತದೆ. ಸಾಮಾನ್ಯವಾಗಿ 25 ಕಿಲೋಗ್ರೇ ಗಾಮಾ ವಿಕಿರಣ ಬಳಸುತ್ತಾರೆ, ಅದೂ ಪಾಲಿಮರ್ ಸರಪಳಿಗಳನ್ನು ಕಡಿಯಬಲ್ಲದು. ಯಾವ ವಿಧಾನ ಎಂಬುದನ್ನು ಲೇಪ ಆರಿಸುವ ದಿನವೇ ನಿರ್ಧರಿಸಿ. ಎಲ್ಲ ಅಳತೆಗಳನ್ನೂ, ನೀರಿನ ಹನಿಯ ಪರೀಕ್ಷೆಯಿಂದ ಹಿಡಿದು ಕೋಶಗಳವರೆಗೆ, ಕ್ರಿಮಿಶುದ್ಧಿ ಮಾಡಿದ ತುಂಡುಗಳ ಮೇಲೆಯೇ ಮಾಡಿ.